ಹೊಳಿ ದಾಟೋ ಬಾಣ

ಜಮಖಂಡಿಯ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಎದೆಮಟ್ಟದ ಒಂದು ಕಲ್ಲಿನ ಗೋಡೆ. ಸಂಜೆ ಚಹಾ ಆದಮೇಲೆ ಆ ಕಡೆ ಅಜ್ಜಾರು, ಈ ಕಡೆ ನಾನು. ಕಬ್ಬಿನ ಬಿಲ್ಲಿನಿಂದ ಶುರುವಾದ ಮಾತು ಎಲ್ಲೆಲ್ಲಿಗೋ ಹೋಗುತ್ತದೆ. ಮೊನ್ನೆ ಅಜ್ಜಾರ ಮೊಮ್ಮಗಳು ಪಿಯುಸಿ ಫಿಸಿಕ್ಸ್ ನೋಟ್‌ಬುಕ್ ತಂದು ಗೋಡೆಯ ಮೇಲೆ ಹರವಿದಳು.

"ಕಾಕಾ, ಎರಡೂ ಲೆಕ್ಕದಾಗ ಅಂಕಿ ಅವ ಅದಾವು. ಚಿತ್ರಾನೂ ಒಂದ ಬರ್ತದ. ಉತ್ತರ ಮಾತ್ರ ಒಂದು ಪೂರ್ವ, ಒಂದು ಪಶ್ಚಿಮ. ಹೆಂಗ?"

ಹನ್ನೊಂದನೇ ತರಗತಿಯ ಹಳೆಯ ಎನ್‌ಸಿಇಆರ್‌ಟಿ ಪುಸ್ತಕ ಓದಿದವರಿಗೆಲ್ಲ ಗುರುತಿರುವ ಜೋಡಿ ಅದು. ಮಳೆ ನೆಟ್ಟಗೆ ಸೆಕೆಂಡಿಗೆ 35 ಮೀಟರಿನಂತೆ ಬೀಳುತ್ತಿದೆ. ಮೊದಲನೆಯದರಲ್ಲಿ ಪೂರ್ವದಿಂದ ಪಶ್ಚಿಮಕ್ಕೆ 12 ಮೀಟರಿನ ಗಾಳಿ ಬೀಸುತ್ತದೆ, ಹುಡುಗ ಬಸ್‌ಸ್ಟಾಪಿನಲ್ಲಿ ನಿಂತಿದ್ದಾನೆ. ಎರಡನೆಯದರಲ್ಲಿ ಗಾಳಿ ಇಲ್ಲ, ಹೆಂಗಸೊಬ್ಬಳು ಪಶ್ಚಿಮಕ್ಕೆ ಅದೇ 12 ಮೀಟರಿನಂತೆ ಸೈಕಲ್ ತುಳಿಯುತ್ತಾಳೆ. ಇಬ್ಬರೂ ಕೊಡೆಯನ್ನು ಸುಮಾರು 19 ಡಿಗ್ರಿ ವಾಲಿಸಬೇಕು. ಆದರೆ ಅವನು ಪೂರ್ವಕ್ಕೆ, ಇವಳು ಪಶ್ಚಿಮಕ್ಕೆ.

"ಈ ಬಾಣದ ಹೆಸರೇನು ತಂಗಿ?"

"ಹನ್ನೆರಡು."

"ಅದು ಅಳತಿ ಆತು. ಹೆಸರು?"

ಹೆಸರಿರಲಿಲ್ಲ. ರಿಲೇಟಿವ್ ವೆಲಾಸಿಟಿಯಲ್ಲಿ ಮಕ್ಕಳು ಎಡವುವುದು ಲೆಕ್ಕದಲ್ಲಲ್ಲ, ಹೆಸರಿಡದ ಬಾಣದಲ್ಲಿ ಎಂಬುದು ನನ್ನ ಗಟ್ಟಿ ನಂಬಿಕೆ. ಪ್ರತಿ ಬಾಣಕ್ಕೂ ಎರಡು ಅಕ್ಷರದ ಹೆಸರು ಬೇಕು: ಯಾರ ವೇಗ, ಎಲ್ಲಿಂದ ನೋಡಿದ್ದು. ಮಳೆಯನ್ನು ನೆಲದ ಮೇಲೆ ನಿಂತು ನೋಡಿದರೆ ಮ-ನೆ. ನೆಲವನ್ನು ಸೈಕಲ್ ಮೇಲಿಂದ ನೋಡಿದರೆ ನೆ-ಸೈ. ಎರಡನ್ನೂ ಬಾಲಕ್ಕೆ ತಲೆ ಹಚ್ಚಿ ಕೂಡಿಸಿದಾಗ ನಡುವಿನ 'ನೆ' ಎರಡೂ ಕಡೆಯಿಂದ ಹೋಗಿ ಮ-ಸೈ ಉಳಿಯುತ್ತದೆ. ಕೊಡೆಗೆ ಬೇಕಾದ ಬಾಣ ಅದೇ. ಈಗ ನೋಡಿ, ಪಶ್ಚಿಮಕ್ಕೆ ಹೋಗುವವಳ ಕಣ್ಣಿಗೆ ನೆಲ ಓಡುವುದು ಪೂರ್ವಕ್ಕೆ. ಹಾಗಾಗಿ ಹನಿ ಪಶ್ಚಿಮದಿಂದ ಬಂದು ಮುಖಕ್ಕೇ ಹೊಡೆಯುತ್ತದೆ. ನಿಂತ ಹುಡುಗನ ಲೆಕ್ಕದಲ್ಲಿ ಗಾಳಿ ಹನಿಯನ್ನೇ ಪಶ್ಚಿಮಕ್ಕೆ ತಳ್ಳುತ್ತದೆ, ಅವನಿಗೆ ಅದು ಪೂರ್ವದಿಂದ ಬರುತ್ತದೆ. ಮೊಮ್ಮಗಳು ಎರಡಕ್ಕೂ ಒಂದೇ ತ್ರಿಕೋನ ಬರೆದಿದ್ದಳು. ಅಳಿಸಿ, ಹೆಸರು ಬರೆದು ಮತ್ತೆ ಎಳೆದಳು. ಎರಡನೆಯ ಬಾಣ ತಾನಾಗಿಯೇ ಆ ಕಡೆ ತಿರುಗಿತು.

ಅಜ್ಜಾರು ಅಷ್ಟೊತ್ತೂ ಸುಮ್ಮನೆ ಕೇಳುತ್ತಿದ್ದರು. ಅವರದು ಕೃಷ್ಣಾ ದಂಡೆಯ ಊರು. ರೈತರೇ ವಂತಿಗೆ ಕೂಡಿಸಿ, ಮೈಮುರಿದು ದುಡಿದು, ಸಿದ್ದು ನ್ಯಾಮಗೌಡರ ಮುಂದಾಳತನದಲ್ಲಿ 1989ರಲ್ಲಿ ಚಿಕ್ಕಪಡಸಲಗಿ ಬ್ಯಾರೇಜು ಕಟ್ಟುವುದಕ್ಕೆ ಎಷ್ಟೋ ಮೊದಲೇ ಹೊಳೆಯಲ್ಲಿ ಹುಟ್ಟು ಹಾಕಿದವರು.

"ಮೂತಿ ನೆಟ್ಟಗ ಆ ದಂಡಿಗೆ ಹಿಡದ್ರ ದೋಣಿ ಕೆಳಗ ಹೋಗಿ ಹತ್ತತದ. ಎದುರಿಗೇ ಇಳೀಬೇಕಂದ್ರ ಮ್ಯಾಲಕ ಹಿಡೀಬೇಕವ್ವಾ," ಎಂದರು.

ಅದೇ ಪಾಠವನ್ನೇ ಹೇಳಿದಿರಿ ಎಂದೆ. ದೋಣಿ ನೀರಿನಲ್ಲಿ ಗಂಟೆಗೆ 5 ಕಿ.ಮೀ., ನೀರು 3 ಕಿ.ಮೀ. ಎಂದಿಟ್ಟುಕೊಳ್ಳಿ. ಹುಡುಗಿ ಥಟ್ಟನೆ 5ನ್ನೂ 3ನ್ನೂ ಲಂಬವಾಗಿ ಬರೆದು ವಿಕರ್ಣ ಎಳೆದಳು. ಲಂಬಕೋನ ಕಂಡರೆ ಸಾಕು, ಉತ್ತರವೇ ವಿಕರ್ಣ ಎಂದುಕೊಳ್ಳುತ್ತಾರೆ. ಇಲ್ಲಿ ಹಾಗಲ್ಲ. ದೋ-ನೀ, ನೀ-ನೆ ಕೂಡಿ ದೋ-ನೆ ಆಗಬೇಕು. ನೆಟ್ಟಗೆ ದಾಟಬೇಕಾದದ್ದು ಈ ಕೊನೆಯದು. ಹೊಳೆಯ ಬಾಣ 3 ಸೆಂ.ಮೀ. ಪೂರ್ವಕ್ಕೆ ಎಳೆಸಿದೆ. ಅದರ ಬಾಲದಿಂದ ಎದುರು ದಂಡೆಗೆ ನೇರ ಗೆರೆ. ಕೈವಾರವನ್ನು 5 ಸೆಂ.ಮೀ. ಅಗಲಿಸಿ ಬಾಣದ ತುದಿಯಲ್ಲಿ ಮುಳ್ಳು ಊರಿ ಕಂಸ ಎಳೆದಾಗ ಅದು ಗೆರೆಯನ್ನು ಸರಿಯಾಗಿ 4 ಸೆಂ.ಮೀ. ಮೇಲೆ ಕತ್ತರಿಸಿತು. ದೋಣಿಯ ಬಾಣವೇ ವಿಕರ್ಣ. ಮೂತಿ ಸುಮಾರು 37 ಡಿಗ್ರಿ ಮೇಲಕ್ಕೆ, ದಾಟುವ ವೇಗ 4. ಅಜ್ಜಾರು ಕಾಗದವನ್ನು ಹತ್ತಿರ ತಗೊಂಡು ಆ ಓರೆ ಬಾಣದ ಮೇಲೆ ಬೆರಳಾಡಿಸಿದರು. "ಹಿಂಗ ಹಿಡೀತಿದ್ವಿ, ಹಿಂಗ."

"ನೀರು 6 ಆದ್ರ?" ಅವಳದೇ ಪ್ರಶ್ನೆ. 6 ಸೆಂ.ಮೀ. ಬಾಣ ಬರೆದು ಅದೇ ಕೈವಾರ ತಿರುಗಿಸಿದಳು. ಕಂಸ ಗೆರೆಯನ್ನು ಮುಟ್ಟಲೇ ಇಲ್ಲ. ಮತ್ತೊಮ್ಮೆ ತಿರುಗಿಸಿದಳು. "ಕಾಕಾ, ತ್ರಿಕೋನಾನ ಆಗವಲ್ದು."

"ಶ್ರಾವಣದಾಗ ಹಂಗ ಆಗ್ತಿತ್ತು," ಎಂದರು ಅಜ್ಜಾರು. "ಆವಾಗ ಹಗ್ಗ ಕಟ್ಟಿ ದಂಡಿಗುಂಟ ದೋಣೀನ ಮ್ಯಾಲಕ ಎಳಕೊಂಡು ಹೋಗಿ, ಅಲ್ಲಿಂದ ಬಿಡ್ತಿದ್ವಿ. ಹೊಳಿ ತಾನ ತಂದು ನಮ್ಮ ಜಾಗಾಕ್ಕ ಹಚ್ತಿತ್ತು."

"ಎಷ್ಟು ಮ್ಯಾಲಕ ಎಳೀತಿದ್ರಿ, ಅಜ್ಜಾ?"

"ನೀರು ನೋಡಿ."

ಅವಳು ಹಾಳೆ ತಿರುವಿ, ಎರಡು ದಂಡೆಗಳ ಗೆರೆ ಎಳೆದು, ಹೊಳೆಯ ಬಾಣದ ಪಕ್ಕ 'ನೀ-ನೆ' ಎಂದು ಬರೆದಳು.