ಸ್ಪ್ರಿಂಗಣ್ಣನ ಅಟ್ಟಾರೋಹಣ

"ಅಕ್ಕಾರೆ, ಪೌಡ್ರು ಐತೇನ್ರೀ?"

ಮನೆಗೆ ಇಂಟರ್‌ನೆಟ್ ಎಳೆಯಲು ಬಂದವನು ಮೊದಲು ಕೇಳಿದ್ದು ಇದನ್ನು. ನೀರು ಕೇಳಲಿಲ್ಲ, ಏಣಿ ಕೇಳಲಿಲ್ಲ. ನನ್ನ ಹೆಂಡತಿ ಅವನ ಮುಖವನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದಳು. ಒಳಗೆ ಹೋಗಿ ಪೌಡರ್ ಡಬ್ಬಿ ತಂದಳು. ಜೊತೆಗಿರಲಿ ಎಂದು ಕನ್ನಡಿ, ಬಾಚಣಿಗೆಯನ್ನೂ ತಂದಳು. ಅವನು ಕನ್ನಡಿಯನ್ನು ಪಕ್ಕಕ್ಕಿಟ್ಟು, ಅಂಗೈಗೆ ಒಂದಿಷ್ಟು ಪೌಡರ್ ಸುರಿದುಕೊಂಡು, ಗೋಡೆಯಲ್ಲಿದ್ದ ಪೈಪಿನ ಬಾಯಿಗೆ ತುಟಿ ಹಚ್ಚಿ ಉಫ್ ಎಂದು ಊದಿದ. ನಡುಮನೆಯಲ್ಲಿ ಜಪಸರ ಹಿಡಿದು ಕೂತಿದ್ದ ನಮ್ಮವ್ವನ ತಲೆಯ ಮೇಲಿನ ಸ್ವಿಚ್‌ಬೋರ್ಡಿನಿಂದ ಘಮ್ಮೆನ್ನುವ ಬಿಳಿ ಹೊಗೆ ಬಂತು. ಎಪ್ಪತ್ತು ವರ್ಷ ಪೂಜೆ ಮಾಡಿದ್ದಕ್ಕೆ ಇವತ್ತು ಫಲ ಸಿಕ್ಕಿತೆಂದು ಅವ್ವ ಕೈಮುಗಿದಳು.

"ಪೈಪು ಕ್ಲಿಯರ್ ಐತಿ ಮೇಷ್ಟ್ರೇ. ಇನ್ನು ವೈರು ಜಾರ್ಕಂಡು ಹೋಗ್ತತಿ" ಎಂದ.

ಇವನೇ ಸ್ಪ್ರಿಂಗಣ್ಣ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ. ಅದು ರೇಷನ್ ಕಾರ್ಡಿನಿಂದ ಈಚೆಗೆ ಬಂದಿಲ್ಲ. ಚನ್ನಗಿರಿಯಲ್ಲಿ ಇಂಥವನೊಬ್ಬ ಇದ್ದಾನೆ, ಹೊನ್ನಾಳಿಯಲ್ಲೊಬ್ಬ, ನ್ಯಾಮತಿಯಲ್ಲೊಬ್ಬ, ಜಗಳೂರಲ್ಲೊಬ್ಬ. ನಿಮ್ಮೂರಲ್ಲೂ ಇರಬೇಕು, ವಿಚಾರಿಸಿ. ಎಲೆಕ್ಟ್ರಿಷಿಯನ್ ಎಂದು ಕರೆದರೆ ಅವನಿಗೆ ಬೇಸರ. "ಕನೆಕ್ಷನ್ ಯಾರ್ ಬೇಕಾದ್ರೂ ಕೊಡ್ತಾರ್ರಿ, ಯೂಟ್ಯೂಬ್ ನೋಡಿದ್ರೆ ನೀವೂ ಕೊಡ್ತೀರಿ. ಈ ತೂತಲ್ಲಿ ಹೋಗಿದ್ದು ಆ ತೂತಲ್ಲಿ ಬರಬೇಕಲ್ಲ, ಅದು ಕೆಲಸ" ಎನ್ನುತ್ತಾನೆ. ವೈರಿಂಗಿನವರು, ಕೇಬಲ್ಲಿನವರು, ಸಿಸಿ ಕ್ಯಾಮೆರಾದವರು, ಎಲ್ಲರೂ ಅರ್ಧ ದಾರಿಯಲ್ಲಿ ಸಿಕ್ಕಿಕೊಂಡಾಗ ಕೊನೆಗೆ ಫೋನ್ ಮಾಡುವುದು ಅವನಿಗೇ. ಹೆರಿಗೆ ಕಷ್ಟವಾದಾಗ ಹಿಂದೆ ಸೂಲಗಿತ್ತಿಗೆ ಹೇಳಿಕಳಿಸುತ್ತಿದ್ದರಲ್ಲ, ಹಾಗೆ. ಅವನು ಬಂದು ಪೈಪಿನ ಮೈ ಸವರಿ, "ಅಡ್ಡ ತಿರುಗೈತಿ" ಎನ್ನುವ ಧಾಟಿಯೂ ಹೆಚ್ಚುಕಡಿಮೆ ಅದೇ.

ಸ್ಪ್ರಿಂಗ್ ಎಂದರೆ ಸುರುಳಿ ಸುತ್ತಿಟ್ಟ ಉದ್ದನೆಯ ಬಿರುಸು ತಂತಿ. ಉಕ್ಕಿನದೋ ನೈಲಾನಿನದೋ ಇರುತ್ತದೆ, ಮೂತಿಯಲ್ಲಿ ಬಾಗುವ ಗುಂಡುತಲೆ, ಬಾಲದಲ್ಲಿ ವೈರು ಕಟ್ಟಲು ಕಣ್ಣು. ಅದನ್ನು ಈ ಕಡೆಯಿಂದ ತೂರಿಸುವುದು, ಆ ಕಡೆ ತಲೆ ಹೊರಬಂದರೆ ಬಾಲಕ್ಕೆ ವೈರು ಕಟ್ಟಿ ಟೇಪು ಸುತ್ತಿ ಎಳೆಯುವುದು. ಇಂಗ್ಲಿಷಿನವರು ಇದನ್ನು ಫಿಶ್ ಟೇಪ್ ಅನ್ನುತ್ತಾರಂತೆ. ಮೀನಿಗೂ ಇದಕ್ಕೂ ಏನು ಸಂಬಂಧ ಎಂದು ಮೊದಲು ನನಗೆ ತಿಳಿದಿರಲಿಲ್ಲ. ಪೈಪಿನ ಬಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಉಸಿರು ಬಿಗಿಹಿಡಿದು, ಬೆರಳ ತುದಿಯಲ್ಲಿ ತಂತಿಯ ಮಿಡಿತ ಕೇಳುತ್ತಿದ್ದ ಅವನನ್ನು ಅರ್ಧ ಗಂಟೆ ನೋಡಿದ ಮೇಲೆ ತಿಳಿಯಿತು. ಸೂಳೆಕೆರೆಯ ದಂಡೆಯಲ್ಲಿ ಗಾಳ ಹಾಕಿ ಕೂತವರ ಮುಖ ಹೀಗೇ ಇರುತ್ತದೆ. ಆ ಕೆರೆ ಕಟ್ಟಿಸಿದ ಶಾಂತವ್ವ ಎರಡು ಗುಡ್ಡಗಳ ನಡುವಿನ ಕಂಡಿ ಮುಚ್ಚಿ ಹೆಸರಾದಳು. ಇವನು ಇದ್ದ ಕಂಡಿಯಲ್ಲೆಲ್ಲ ತೂರಿ ಹೆಸರಾದ.

ಅವನ ಚೀಲದಲ್ಲಿ ಏನಿಲ್ಲ? ಒಂದಕ್ಕೊಂದು ತಿರುಪಿ ಉದ್ದ ಮಾಡುವ ಗ್ಲಾಸ್‌ಫೈಬರ್ ಕಡ್ಡಿಗಳು, ಸೈಕಲ್ಲಿನ ಹಳೇ ಬ್ರೇಕ್ ತಂತಿ, ಕೊಡೆಯ ಕಡ್ಡಿ, ಒಡೆದ ಸ್ಪೀಕರಿನಿಂದ ಕಿತ್ತ ಅಯಸ್ಕಾಂತ, ಒಂದು ಕವಣೆ, ಗಾಳಿಪಟದ ನೂಲಿನುಂಡೆ. ಇಷ್ಟೆಲ್ಲ ಇದ್ದೂ ಅವತ್ತಿಗೆ ಬೇಕಾದದ್ದು ಮಾತ್ರ ಇರುವುದಿಲ್ಲ. ಅದು ಯಾವಾಗಲೂ "ನಿನ್ನೆ ಹೊನ್ನಾಳ್ಯಾಗ ಉಳೀತು ನೋಡ್ರಿ". ಹೊನ್ನಾಳಿಯವರಿಗೆ ಅದು ನ್ಯಾಮತಿಯಲ್ಲಿ ಉಳಿದಿರುತ್ತದೆ.

ಸೂರಿನ ವಿಷಯದಲ್ಲಿ ಅವನದು ಪಿಎಚ್‌ಡಿ. ಈ ಜಿಲ್ಲೆಯೇ ಎಳೆದು ಕಟ್ಟಿದ್ದು ಎನ್ನುತ್ತಾನೆ, ತಪ್ಪಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆ ಮಾಡುವಾಗ ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿಯನ್ನೂ ಚಿತ್ರದುರ್ಗದಿಂದ ಜಗಳೂರನ್ನೂ ಎಳೆದು ಒಂದೇ ಪೈಪಿಗೆ ತೂರಿಸಿದರು. ನೆತ್ತಿಯ ಮೇಲಿನ ಸೂರು ಮಾತ್ರ ಹಳೇ ಜಿಲ್ಲೆಯದೇ ಉಳಿಯಿತು. ಚನ್ನಗಿರಿಯ ಹಳೆಯ ಮನೆಗಳಲ್ಲಿ ಮೇಲೆ ಹಂಚು, ಕೆಳಗೆ ಹಲಗೆಯ ಅಟ್ಟ, ನಡುವೆ ಕತ್ತಲು. ಜಗಳೂರಿನ ಕಡೆ ಮಣ್ಣಿನ ಮಾಳಿಗೆ: ತೊಲೆ, ಜಂತೆ, ಮೇಲೆ ಕರಲು ಮಣ್ಣು. ಅಲ್ಲಿ ಅಟ್ಟವೂ ಇಲ್ಲ, ಮಾಳಿಗೆಗೆ ತೂತು ಹೊಡೆಯುವ ಹಾಗೂ ಇಲ್ಲ. ಒಮ್ಮೆ ಹೊಡೆಯಲು ಹೋದಾಗ ಮನೆಯ ಯಜಮಾನ ಬಡಿಗೆ ತಂದನಂತೆ. "ಮಳಿ ಬಂದ್ರೆ ಸೋರ್ತತಿ" ಎಂದನಂತೆ. "ಜಗಳೂರಾಗ ಮಳಿ ಬರೋದು ಯಾವಾಗ?" ಎಂದು ಇವನು ಕೇಳಿದ. ಬಡಿಗೆ ತಂದದ್ದು ತೂತಿಗಲ್ಲ, ಈ ಮಾತಿಗೆ ಎಂದು ನನ್ನ ಗುಮಾನಿ. ಕೊನೆಗೆ ಬೆಳಕು ಬರಲೆಂದು ಅಜ್ಜ ಬಿಟ್ಟಿದ್ದ ಗವಾಕ್ಷಿಯಲ್ಲಿ ಕೇಬಲ್ ಇಳಿಸಿದ. ಆ ಮನೆಯಲ್ಲಿ ಈಗ ಸೂರ್ಯನೂ ಸೀರಿಯಲ್ಲೂ ಒಂದೇ ಕಿಂಡಿಯಿಂದ ಬರುತ್ತವೆ.

ಜಗಳೂರಿನ ಮೇಲೆ ಅವನಿಗೆ ಇನ್ನೊಂದು ಕಾರಣಕ್ಕೂ ಗೌರವ. ತುಂಗಭದ್ರೆಯ ನೀರನ್ನು ಆ ತಾಲ್ಲೂಕಿನ 57 ಕೆರೆಗೆ ಹರಿಸುವ ಯೋಜನೆಯ ಪೈಪುಗಳನ್ನು ರಸ್ತೆಬದಿಯಲ್ಲಿ ಕಂಡು ಬಂದವನು ವಾರಗಟ್ಟಲೆ ಅದನ್ನೇ ಹೇಳಿದ. "ಒಳಗ ನಾನೇ ನಡ್ಕಂಡು ಹೋಗ್ಬೋದು ಮೇಷ್ಟ್ರೇ, ಸ್ಪ್ರಿಂಗೇ ಬ್ಯಾಡ!" ಮುಕ್ಕಾಲು ಇಂಚಿನ ಪೈಪಿನಲ್ಲಿ ಜೀವ ತೇಯ್ದವನ ಕಣ್ಣಲ್ಲಿ ಅವತ್ತು ಆಸೆ ಮಿನುಗುತ್ತಿತ್ತು.

ಹೊನ್ನಾಳಿಯಲ್ಲಿ ಅವನ ವೈರಿ ಆರ್‌ಸಿಸಿ. ಸ್ಲ್ಯಾಬ್ ಹಾಕುವ ದಿನ ಯಾರೋ ಬುಟ್ಟಿ ಹೊತ್ತವರು ಪೈಪನ್ನು ತುಳಿದಿರುತ್ತಾರೆ, ಜಾಯಿಂಟ್ ಬಿಟ್ಟು ಸಿಮೆಂಟಿನ ಹಾಲು ಒಳಗಿಳಿದು ಕಲ್ಲಾಗಿರುತ್ತದೆ. ಪೈಪಿನ ಹೊಟ್ಟೆಯ ನೂರಕ್ಕೆ ನಲವತ್ತು ಪಾಲಿಗಿಂತ ಹೆಚ್ಚು ವೈರು ತುಂಬಬಾರದು ಎಂಬುದು ನಿಯಮ. ನಮ್ಮವರು ಹಬ್ಬದ ದಿನ ಹೊಟ್ಟೆಗೆ ತುಂಬಿದ ಹಾಗೆ ತುಂಬಿ, "ಇನ್ನೊಂದು ಹಿಡಿತತಿ ಹಾಕೋ" ಅನ್ನುತ್ತಾರೆ. ನ್ಯಾಮತಿಯೆಂದರೆ ಅವನಿಗೆ ಸುಗ್ಗಿಯ ನೆನಪು. 2018ರಲ್ಲಿ ಅದು ಹೊನ್ನಾಳಿಯಿಂದ ಬಿಡಿಸಿಕೊಂಡು ತಾಲ್ಲೂಕಾಯಿತಲ್ಲ. ಹೊಸ ತಾಲ್ಲೂಕಿಗೆ ಹೊಸ ಮೇಜು, ಮೇಜಿಗೊಂದು ಕಂಪ್ಯೂಟರು, ಕಂಪ್ಯೂಟರಿಗೊಂದು ವೈರು.

ನಮ್ಮ ಮನೆಯ ಕೆಲಸಕ್ಕೆ ಬರುತ್ತೇನೆ. ಪೌಡರ್ ಊದಿದ ಪೈಪು ನಡುಮನೆಯವರೆಗಷ್ಟೇ ಇತ್ತು. ಮಗನ ಕೋಣೆ ಇರುವುದು ಅಡುಗೆಮನೆಯ ಆಚೆ. ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದ ಮಗ, ಗೋಡೆಯ ಮೇಲೆ ವೈರು ಕಾಣಬಾರದು ಎಂದಿದ್ದ. ಅಂದರೆ ಅಟ್ಟವೇ ಗತಿ.

"ದೋಟಿ ಐತೇನ್ರಿ?" ಎಂದ.

ಚನ್ನಗಿರಿಯಲ್ಲಿ ದೋಟಿ ಇದೆಯೇ ಎಂದು ಕೇಳುವುದು ಹೊಳೆದಂಡೆಯಲ್ಲಿ ನೀರಿದೆಯೇ ಎಂದು ಕೇಳಿದಂತೆ. ಅಡಿಕೆ ಕೊಯ್ಯುವ ಗಳ ಇಲ್ಲದಿದ್ದರೆ ಇಲ್ಲಿ ಹೆಣ್ಣು ಕೊಡುವವರೂ ಹಿಂದೆಮುಂದೆ ನೋಡುತ್ತಾರೆ. ತಮ್ಮನ ಮನೆಯಿಂದ ಹೊಸ ಕಾರ್ಬನ್ ಫೈಬರ್ ದೋಟಿ ತರಿಸಿದೆ. ಒಂದರೊಳಗೊಂದು ಸೇರಿಕೊಂಡ ಕೊಳವೆ, ಎಳೆದರೆ ತೆಂಗಿನ ಮರ ದಾಟುತ್ತದೆ. ಸ್ಪ್ರಿಂಗಣ್ಣ ಅದನ್ನು ಹಾವು ಕಂಡವನಂತೆ ನೋಡಿ ಹಿಂದೆ ಸರಿದ.

"ತಗೀರಿ ಅದನ್ನ! ಇದು ಕಾರ್ಬನ್ದು. ಕರೆಂಟ್ ಹರೀತತಿ. ಅಟ್ಟದ ಮ್ಯಾಲೆ ನಿಮ್ಮಪ್ಪಾರ ಕಾಲದ ವೈರು ಬಾಯಿ ಬಿಟ್ಕಂಡು ಬಿದ್ದಿರ್ತಾವೆ. ನನ್ನ ಗ್ಲಾಸ್‌ಫೈಬರ್ ಕಡ್ಡಿ ಹರಿಯಂಗಿಲ್ಲ. ನಂಗೆ ಬೇಕಾಗಿರೋದು ಬಿದಿರಿಂದು."

ಅವನು ನಗದೆ ಆಡಿದ ಮಾತು ಇಡೀ ದಿನಕ್ಕೆ ಇದೊಂದೇ. ತೋಟದ ಮೇಲೆ ಹಾದ ವಿದ್ಯುತ್ ತಂತಿಗೆ ಇಂಥ ದೋಟಿ ತಗುಲಿ ಜೀವ ಹೋದ ಸುದ್ದಿಯನ್ನು ಅಡಿಕೆ ಸೀಮೆಯವರು ಪತ್ರಿಕೆಯಲ್ಲಿ ಓದದೇ ಇಲ್ಲ. ಮೇನ್ ಸ್ವಿಚ್ ಇಳಿಸಿಸಿದ. ಬಿದಿರು ದೋಟಿ ಬಂತು. ಅದರ ತುದಿಗೆ ನನ್ನ ಮೊಬೈಲನ್ನೇ ಕಟ್ಟಿ, ಟಾರ್ಚ್ ಹಚ್ಚಿ, ವಿಡಿಯೋ ಒತ್ತಿ, ಅಟ್ಟದ ಬಾಯಲ್ಲಿ ಏರಿಸಿ ಒಂದು ಸುತ್ತು ತಿರುಗಿಸಿ ಇಳಿಸಿದ.

ಆ ವಿಡಿಯೋ ನೋಡಲು ಮನೆಮಂದಿಯೆಲ್ಲ ಸೇರಿದರು. ಒಡೆದ ಹಂಡೆ, ಮೂರು ಕಾಲಿನ ತೊಟ್ಟಿಲು, ಇಲಿ ಕಡಿದ ಅಡಿಕೆ ಚೀಲ. ಆಮೇಲೆ, 1994ರಲ್ಲಿ ಕಳ್ಳತನವಾಯಿತೆಂದು ಅವ್ವ ಕೆಲಸದವಳ ಮೇಲೆ ಗುಮಾನಿಪಟ್ಟಿದ್ದ ಹಿತ್ತಾಳೆ ಕೊಡಪಾನ. ಯಾರೂ ಮಾತಾಡಲಿಲ್ಲ. ಅವ್ವ ಜಪಸರ ಬಿರುಸಾಗಿ ತಿರುಗಿಸಿದಳು. "ನಂಗೇನೂ ಕಂಡಿಲ್ಲ ಅಜ್ಜಿ" ಎಂದ ಸ್ಪ್ರಿಂಗಣ್ಣ. ಅವನ ಕಸುಬಿನ ಗುಟ್ಟು ಇದೇ. ಊರಿನ ಎಲ್ಲ ಅಟ್ಟವನ್ನೂ ಕಂಡವನು, ಬಾಯಿ ಬಿಟ್ಟವನಲ್ಲ. ಯಾರ ಮನೆಯ ಅಟ್ಟದಲ್ಲಿ ಖಾಲಿ ಬಾಟಲಿ, ಯಾರ ಮನೆಯಲ್ಲಿ ಹಳೇ ಪ್ರೇಮಪತ್ರದ ಕಟ್ಟು, ಎಲ್ಲ ಗೊತ್ತು. ಅದಕ್ಕೇ ಅವನ ಬಿಲ್ಲಿನ ಮೇಲೆ ಯಾರೂ ಚೌಕಾಸಿ ಮಾಡುವುದಿಲ್ಲ.

ಇಪ್ಪತ್ತು ಅಡಿ ಹೋದ ಕಡ್ಡಿ ತೊಟ್ಟಿಲಿಗೆ ಸಿಕ್ಕಿಕೊಂಡಿತು. ಕವಣೆಯಲ್ಲಿ ನೂಲು ಕಟ್ಟಿ ಹೊಡೆದ ಕಲ್ಲು ಹಂಚು ಒಡೆಯಿತು. "ನಾನೇ ಹತ್ತಬೇಕು" ಎಂದ. ಅಂಗಿ ಬಿಚ್ಚಿ, ಕೈ ಖಾಲಿ ಇರಲೆಂದು ನೂಲಿನ ತುದಿಯನ್ನು ಉಡದಾರಕ್ಕೆ ಗಂಟು ಹಾಕಿಕೊಂಡು, ಉಂಡೆಯನ್ನು ನನ್ನ ಕೈಗೆ ಕೊಟ್ಟು ಅಟ್ಟದ ಕತ್ತಲಿಗೆ ತೆವಳಿದ. ಅವನ ಜೊತೆಗಾರ ಹುಡುಗ ಅಡುಗೆಮನೆಯ ತೂತಿನ ಕೆಳಗೆ ನಿಂತ.

"ಕಾಣ್ತೇನಲೇ?"

"ಇಲ್ಲಣ್ಣ."

"ಈಗ?"

"ಇಲ್ಲಣ್ಣ."

ಹತ್ತು ನಿಮಿಷ ಇದೇ ಸಂವಾದ. ಆಮೇಲೆ ಮೇಲಿನಿಂದ, "ಸ್ವಲ್ಪ ಎಳೀರಿ ಮೇಷ್ಟ್ರೇ, ಸಡ್ಲ ಐತಿ" ಎಂದು ಕೇಳಿಸಿತು. ನಿವೃತ್ತನಾದ ಮೇಲೆ ನನಗೆ ಯಾರೂ ಕೆಲಸ ಹೇಳಿರಲಿಲ್ಲ. ಉತ್ಸಾಹದಿಂದ ಎಳೆದೆ.

"ಅಯ್ಯಯ್ಯೋ ಬಿಡ್ರೀ! ಉಡದಾರ! ಉಡದಾರ!"

ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದರು. ನೂಲು ಬಿಟ್ಟು ನಿಂತಾಗ ಥಟ್ಟನೆ ನೆನಪಾದದ್ದು ಸ್ವಾಮಿ ವಿವೇಕಾನಂದರು. 1896ರಲ್ಲಿ ಬಂದ ಅವರ 'ರಾಜಯೋಗ'ದಲ್ಲಿ ಒಂದು ಕಥೆಯಿದೆ. ರಾಜನ ಸಿಟ್ಟಿಗೆ ಗುರಿಯಾಗಿ ಗೋಪುರದ ತುದಿಯಲ್ಲಿ ಸೆರೆಯಾದ ಮಂತ್ರಿ. ಕೆಳಗೆ ಅವನ ಹೆಂಡತಿ. ಅವಳು ಒಂದು ಜೀರುಂಡೆಗೆ ರೇಷ್ಮೆಯೆಳೆ ಕಟ್ಟಿ, ಮೀಸೆಗೆ ಜೇನು ಸವರಿ ಗೋಡೆಗೆ ಬಿಡುತ್ತಾಳೆ. ಜೇನಿನ ವಾಸನೆ ಮುಂದೆಯೇ ಇದೆಯೆಂದು ಜೀರುಂಡೆ ಹತ್ತುತ್ತಲೇ ಹೋಗುತ್ತದೆ. ಎಳೆಯ ಹಿಂದೆ ನೂಲು, ನೂಲಿನ ಹಿಂದೆ ಹುರಿ, ಹುರಿಯ ಹಿಂದೆ ಹಗ್ಗ. ಪ್ರಾಣಾಯಾಮ ತಿಳಿಸಲು ಹೇಳಿದ ಕಥೆ ಅದು. ಮೂವತ್ತು ವರ್ಷ ಪಾಠ ಮಾಡಿದ ನನಗೆ ಅದು ವೈರಿಂಗ್ ಪಾಠವೂ ಹೌದೆಂದು ಹೊಳೆದದ್ದು ಅವತ್ತು. ಅಮೆರಿಕದ ಷಿಕಾಗೊ ಹತ್ತಿರದ ಫರ್ಮಿಲ್ಯಾಬಿನಲ್ಲಿ 1971ರಲ್ಲಿ ವಿಜ್ಞಾನಿಗಳೂ ಇದನ್ನೇ ಮಾಡಿದರು. ಮುಂಗುಸಿಯಂತೆ ನೀಳವಾದ ಫೆರೆಟ್ ಎಂಬ ಪ್ರಾಣಿ, ಹೆಸರು ಫೆಲಿಸಿಯಾ. ಅದರ ಮೈಗೆ ದಾರ ಕಟ್ಟಿ 300 ಅಡಿಯ ಕೊಳವೆಗಳಲ್ಲಿ ಓಡಿಸಿ, ಆ ದಾರಕ್ಕೆ ಒರೆಸುವ ಬಟ್ಟೆ ಕಟ್ಟಿ ಎಳೆದು ಒಳಗಿನ ಕಸ ತೆಗೆದರು. ಅಣುವನ್ನೇ ಒಡೆಯುವವರಿಗೂ ಕೊನೆಗೆ ಬೇಕಾದದ್ದು ತೂರುವ ಜೀವ.

ನಮ್ಮ ಜೀವ ಮಾತ್ರ ತೊಟ್ಟಿಲ ಹತ್ತಿರ ನಿಂತುಬಿಟ್ಟಿತ್ತು. "ಆಗಂಗಿಲ್ಲ ಮೇಷ್ಟ್ರೇ. ನಾಳೆ ಹೊನ್ನಾಳಿಯಿಂದ ಉದ್ದನೇ ಸ್ಪ್ರಿಂಗ್ ತರ್ತೀನಿ." ಆ ನಾಳೆ ಯಾವ ಪಂಚಾಂಗದಲ್ಲೂ ಇಲ್ಲವೆಂದು ಊರಿಗೆ ಗೊತ್ತು. ನಾನು ಅಡುಗೆಮನೆಗೆ ಹೋಗಿ ಹೆಂಡತಿಗೆ ಜೀರುಂಡೆಯ ಕಥೆ ಹೇಳಿದೆ. ಪೂರ್ತಿ ಕೇಳುವ ತಾಳ್ಮೆ ಅವಳಿಗೆ ಎಂದೂ ಇಲ್ಲ. ಜೇನಿನ ಮಾತು ಬರುತ್ತಲೇ ಬಾಣಲೆ ಒಲೆಗಿಟ್ಟಳು. ದಾವಣಗೆರೆ ಜಿಲ್ಲೆಯ ಜೀರುಂಡೆಗೆ ಜೇನು ಯಾಕೆ? ಕಡಲೆಹಿಟ್ಟು ಕಲಸಿ, ಉದ್ದನೆಯ ಮೆಣಸಿನಕಾಯಿ ಸೀಳಿ ಅದ್ದಿ ಎಣ್ಣೆಗೆ ಬಿಟ್ಟಳು. ಚೊಂಯ್ ಎಂಬ ಸದ್ದು, ಹಿಂದೆಯೇ ಘಾಟು, ಎರಡೂ ಹಲಗೆಯ ಸಂದಿನಿಂದ ಮೇಲೇರಿದವು.

ಅಟ್ಟದಲ್ಲಿ ಒಂದು ಗಳಿಗೆ ಸದ್ದಿಲ್ಲ. ಆಮೇಲೆ ಒಂದು ಸೀನು.

"ಮಿರ್ಚಿ ಏನ್ರಿ ಅಕ್ಕಾರೆ?"

"ಹೂಂನಪ್ಪ, ಮಂಡಕ್ಕಿನೂ ಐತಿ. ಕೆಳಗಿಳಿ, ನಾಳೆ ಮಾಡಿದ್ರಾಯ್ತು."

ಉತ್ತರ ಬರಲಿಲ್ಲ. ತೊಟ್ಟಿಲು ಗಡಗಡ ಸರಿಯಿತು, ಹಂಡೆ ಉರುಳಿತು, ನನ್ನ ಕೈಯ ಉಂಡೆ ಬುಗುರಿಯಂತೆ ತಿರುಗಿತು. ಮೂರು ನಿಮಿಷಕ್ಕೆ ಅಡುಗೆಮನೆಯ ತೂತಿನಲ್ಲಿ ಮೊದಲು ಮಸಿಯ ಮೂಗು, ಆಮೇಲೆ ಎರಡು ಬೆರಳು, ಬೆರಳ ನಡುವೆ ನೂಲಿನ ತುದಿ. "ಬಂತಣ್ಣಾ!" ಎಂದು ಹುಡುಗ ಕೂಗಿದ ಕೂಗಿಗೆ ಪಕ್ಕದ ಮನೆಯವರು ಗಂಡು ಮಗುವೋ ಹೆಣ್ಣು ಮಗುವೋ ಎಂದು ಕೇಳಿದರು.

ಫೈಬರ್ ಎಳೆಯುವಾಗ ಅವನು ಬೇರೆಯೇ ಮನುಷ್ಯ. ಹಳೆಯ ಟಿವಿ ಕೇಬಲ್ಲನ್ನು ಮರಕ್ಕೆ ಸುತ್ತಿ ಎತ್ತು ಕಟ್ಟಿ ಎಳೆದರೂ ಏನಾಗುತ್ತಿರಲಿಲ್ಲ. ಇದರ ಹೊಟ್ಟೆಯಲ್ಲಿರುವುದು 125 ಮೈಕ್ರಾನಿನ, ಕೂದಲಷ್ಟು ಸಣ್ಣ ಗಾಜಿನ ಎಳೆ. ಮೂಲೆಯಲ್ಲಿ ಮಡಚಿದರೆ ಬೆಳಕು ಅಲ್ಲೇ ಸೋರಿಹೋಗುತ್ತದೆ. "ಬಾಣಂತಿ ಕೈ ಹಿಡ್ದಂಗೆ ಹಿಡೀರಿ" ಎಂದು ನನಗೂ ಹುಡುಗನಿಗೂ ಗದರಿದ.

ಸಂಜೆ ಮಗನ ಕೋಣೆಯಲ್ಲಿ ಹಸಿರು ದೀಪ ಹತ್ತಿತು. ಸ್ಪ್ರಿಂಗಣ್ಣ ಒಂಬತ್ತು ಮಿರ್ಚಿ ತಿಂದು, ದುಡ್ಡೆಣಿಸಿ, ನನ್ನ ಹಂಚಿನ ಬೆಲೆಯನ್ನು ತಾನಾಗಿಯೇ ಕಳೆದುಕೊಂಡು ಹೊರಟ. ತೂತಿನಿಂದ ಒಂದು ಮೊಳ ನೂಲು ಇಳಿಬಿದ್ದಿತ್ತು.

"ಇದ್ಯಾಕೆ ಬಿಟ್ಟೆ?" ಅವ್ವ ಕೇಳಿದಳು.

"ಇರ್ಲಿ ಅಜ್ಜಿ. ಒಳಗೆ ಕೇಬಲ್ ಪಕ್ಕಕ್ಕೇ ಇನ್ನೊಂದು ದಾರ ಬಿಟ್ಟೀನಿ. ಮುಂದಿನ ಸಲ ಮತ್ತೆ ಅಟ್ಟ ಹತ್ತಂಗಿಲ್ಲ, ಇದಕ್ಕೇ ಕಟ್ಟಿ ಎಳೆದ್ರಾತು."

ಅವನು ಗೇಟು ದಾಟುವ ತನಕ ಅವ್ವ ನೂಲನ್ನೇ ನೋಡುತ್ತಿದ್ದಳು. ಆಮೇಲೆ ನನ್ನನ್ನು ಕರೆದು ಮೆಲ್ಲಗೆ ಹೇಳಿದಳು: "ಕತ್ತರಿ ತಗಂಬಾ. ಇನ್ನೊಂದು ಸಲ ಹತ್ತಿಸು ಅವನ್ನ. ಬರ್ತಾ ಆ ಕೊಡಪಾನ ಇಳಿಸ್ಕಂಡು ಬರ್ಲಿ. ಕಡ್ಲೆಹಿಟ್ಟು ಮನೇಲಿ ಐತಿ."