ಝೀರೋ ನೋಡಿ ಸಾರ್!

ಪೆಟ್ರೋಲ್ ಬಂಕಿನಲ್ಲಿ ನಮ್ಮ ಜನ ತೋರಿಸುವ ಎಚ್ಚರವನ್ನು ಬ್ಯಾಂಕಿನ ಸಾಲಪತ್ರಕ್ಕೆ ಸಹಿ ಹಾಕುವಾಗಲೂ ತೋರಿಸುವುದಿಲ್ಲ. ಐನೂರಕ್ಕೆ ಹಾಕಿಸಿದರೆ ಮೋಸ, ಐನೂರಾ ಹತ್ತಕ್ಕೆ ಹಾಕಿಸಿದರೆ ಬಂಕಿನವರ ಆಟ ನಡೆಯುವುದಿಲ್ಲ ಎಂದು ನಂಬಿದವರಿದ್ದಾರೆ. ಬೆಳಗಿನ ತಂಪಿನಲ್ಲಿ ನಾಲ್ಕು ಹನಿ ಜಾಸ್ತಿ ಸಿಗುತ್ತದೆಂದು ಕಾಫಿಯನ್ನೂ ಕುಡಿಯದೆ ಗಾಡಿ ತೆಗೆಯುವವರಿದ್ದಾರೆ. ಅನುಮಾನ ಇನ್ನೂ ಹೆಚ್ಚಾದರೆ ಐದು ಲೀಟರಿನ ಅಳತೆ ಕ್ಯಾನು ತರಿಸಿ ಪರೀಕ್ಷೆ ಮಾಡಿಸುವ ಹಕ್ಕೂ ಗಿರಾಕಿಗೆ ಉಂಟು. 'ಝೀರೋ ನೋಡಿ ಸಾರ್' ಎಂದು ಹುಡುಗ ಕೂಗಿದ್ದೇ ತಡ, ಕಾರಿನೊಳಗಿನ ಅಷ್ಟೂ ಕತ್ತುಗಳು ಮೀಟರಿನ ಕಡೆ ಹೊರಳುತ್ತವೆ. ಅವನ ಕೈಯಲ್ಲಿರುವ ಪೈಪು ಯಾವುದೆಂದು ನೋಡಲು ಒಂದು ಕಣ್ಣೂ ಉಳಿದಿರುವುದಿಲ್ಲ. ಡೀಸೆಲ್ ಕಾರಿಗೆ ಪೆಟ್ರೋಲ್ ಬೀಳುವುದು ಮರೆವಿನಿಂದ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಅದು ಬೀಳುವುದು ನಮ್ಮ ಅತಿ ಜಾಣತನದಿಂದ. ಎಷ್ಟು ಬಿತ್ತು ಎಂದು ಕಾಯುವ ಗಡಿಬಿಡಿಯಲ್ಲಿ ಏನು ಬಿತ್ತು ಎಂದು ಕೇಳುವವರೇ ಇಲ್ಲ.

ಈ ಜಾಣತನಕ್ಕೆ ಯಂತ್ರಗಳ ಸಹಕಾರವೂ ಇದೆ. ಪೆಟ್ರೋಲ್ ನಳಿಗೆಯ ಮೂತಿ ಸಾಮಾನ್ಯವಾಗಿ ಸುಮಾರು 21 ಮಿಲಿಮೀಟರ್ ದಪ್ಪ, ಡೀಸೆಲ್ಲಿನದು ಸುಮಾರು 24. ದಪ್ಪ ಮೂತಿ ಪೆಟ್ರೋಲ್ ಕಾರಿನ ಕಿರಿದಾದ ಬಾಯಿಗೆ ಹೋಗುವುದಿಲ್ಲ, ಅಲ್ಲಿಗೆ ಆ ಕಾರು ಬಚಾವ್. ಸಣ್ಣ ಮೂತಿ ಮಾತ್ರ ಡೀಸೆಲ್ ಟ್ಯಾಂಕಿನೊಳಗೆ ಸರಾಗವಾಗಿ ಇಳಿಯುತ್ತದೆ. ಪೆಟ್ರೋಲ್ ಕಾರಿನ ಬಾಯಿ ಕಿರಿದಾದದ್ದೂ ಡೀಸೆಲ್ಲಿನ ಭಯದಿಂದಲ್ಲ. 1970ರ ದಶಕದ ಅಮೆರಿಕದಲ್ಲಿ ಸೀಸ ಬೆರೆತ ಪೆಟ್ರೋಲು ಹೊಸ ಕಾರುಗಳ ಕೆಟಲಿಟಿಕ್ ಕನ್ವರ್ಟರನ್ನು ಹಾಳುಮಾಡದಿರಲಿ ಎಂದು ಮಾಡಿದ ಏರ್ಪಾಡು ಅದು. ಡೀಸೆಲ್ ಕಾರಿನ ಮಾಲೀಕನನ್ನು ಆಗ ಯಾರೂ ನೆನೆದಂತಿಲ್ಲ.

'ಸ್ವಲ್ಪ ಬಿದ್ದರೆ ಏನಾಗುತ್ತೆ? ಹಿಂದೆ ಲಾರಿಯವರು ಸೀಮೆಎಣ್ಣೆಯನ್ನೇ ಬೆರೆಸಿ ಓಡಿಸುತ್ತಿರಲಿಲ್ಲವೇ?' ಎಂದು ಕೇಳುವವರು ಪ್ರತಿ ಬೀದಿಯಲ್ಲೂ ಒಬ್ಬರಿದ್ದಾರೆ. ಅವರ ಮಾತು ಪೂರ್ತಿ ಸುಳ್ಳೂ ಅಲ್ಲ. ಚಳಿಯ ದೇಶಗಳಲ್ಲಿ ಡೀಸೆಲ್ ಗಟ್ಟಿಯಾಗದಿರಲೆಂದು ಒಂದಿಷ್ಟು ಪೆಟ್ರೋಲ್ ಬೆರೆಸಲು ಹಳೆಯ ಕೆಲವು ಕಾರುಗಳ ಕೈಪಿಡಿಗಳೇ ಅನುಮತಿ ಕೊಟ್ಟಿದ್ದವು. ಆ ಎಂಜಿನ್ನುಗಳಿಗೆ ಅದು ದಕ್ಕುತ್ತಿತ್ತು. ಈಗಿನ ಕಾಮನ್ ರೈಲ್ ಎಂಜಿನ್ನಿನಲ್ಲಿ ಒತ್ತಡ 1,600 ಬಾರ್ ದಾಟುತ್ತದೆ, ಇಂಜೆಕ್ಟರಿನ ತೂತುಗಳು ಕೂದಲೆಳೆಯಷ್ಟು ಸಣ್ಣವು. ಅಷ್ಟು ಒತ್ತಡದಲ್ಲಿ ದುಡಿಯುವ ಪಂಪಿಗೆ ಜಿಡ್ಡು ಒದಗಿಸುವುದು ಡೀಸೆಲ್ಲೇ, ಬೇರೆ ಎಣ್ಣೆ ಇಲ್ಲ. ಎಣ್ಣೆಸ್ನಾನದ ದಿನ ಸೀಗೆಪುಡಿ ತಲೆಯ ಜಿಡ್ಡನ್ನು ತೆಗೆಯುವಂತೆ ಪೆಟ್ರೋಲ್ ಆ ಪಸೆಯನ್ನು ತೊಳೆದುಬಿಡುತ್ತದೆ. ಆಮೇಲೆ ಲೋಹಕ್ಕೆ ಲೋಹ ಉಜ್ಜಿ, ಉದುರಿದ ಪುಡಿ ಇಂಜೆಕ್ಟರಿನ ತನಕ ಹೋಗುತ್ತದೆ. ಇಷ್ಟೇ ಅಲ್ಲ. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ಗೇ ಇಲ್ಲ, ಗಾಳಿಯನ್ನು ಅದುಮಿ ಬಂದ ಬಿಸಿಯಲ್ಲೇ ಇಂಧನ ಹೊತ್ತಬೇಕು. ಪೆಟ್ರೋಲನ್ನು ತಯಾರಿಸುವುದೇ ಕಿಡಿ ತಾಗುವ ಮುಂಚೆ ಹಾಗೆ ಹೊತ್ತಿಕೊಳ್ಳದಿರಲೆಂದು. ಹೆಚ್ಚು ಆಕ್ಟೇನ್ ಎಂದು ದುಡ್ಡು ಕೊಟ್ಟು ಕೊಳ್ಳುವ ಗುಣ ಇಲ್ಲಿ ಅವಗುಣ. ಪ್ರೀಮಿಯಂ ಪೆಟ್ರೋಲ್ ತುಂಬಿಸಿದವನಿಗೆ ಡಬಲ್ ನಷ್ಟ.

ತಪ್ಪು ಹುಡುಗನದೇ ಅಲ್ಲವೇ ಎಂದರೆ, ಪೈಪು ಹಿಡಿದವನು ಅವನೇ, ನಿಜ. ಆದರೆ ಒಂದೇ ಯಂತ್ರದ ಮೈಗೆ ಎರಡೂ ಪೈಪು ನೇತುಹಾಕಿ, ಹಿಂದೆ ಹತ್ತು ಗಾಡಿ ಹಾರ್ನ್ ಹೊಡೆಯುತ್ತಿರುವಾಗ, ಗಾಜನ್ನು ಮೂರು ಬೆರಳಷ್ಟು ಇಳಿಸಿ 'ಎರಡು ಸಾವಿರ' ಎಂದಷ್ಟೇ ಹೇಳುವ ಸಾಹೇಬರದು ಏನೂ ಇಲ್ಲವೇ? ಒಂದೇ ಮಾಡೆಲ್ಲು, ಒಂದೇ ಬಣ್ಣ. ಹೊಟ್ಟೆಯಲ್ಲಿ ಏನಿದೆಯೆಂದು ಅವನು ಮೂಸಿ ನೋಡಬೇಕೆ? ಮುಚ್ಚಳದ ಮೇಲೆ ಬರೆದಿದೆಯಲ್ಲ ಎಂಬ ಆಕ್ಷೇಪಕ್ಕೂ ಬಲವಿಲ್ಲ, ಬಿಚ್ಚಿದ ಮುಚ್ಚಳ ಬೆನ್ನು ತಿರುಗಿಸಿ ಕೂತಿರುತ್ತದೆ. ನಮ್ಮ ಸರ್ಕಾರ ಡೀಸೆಲ್ಲಿಗೆ ಕಿತ್ತಳೆ, ಪೆಟ್ರೋಲಿಗೆ ತಿಳಿನೀಲಿ ಎಂದು ಸ್ಟಿಕ್ಕರಿನ ಬಣ್ಣವನ್ನೇನೋ ಗೊತ್ತುಮಾಡಿತು. ಅದನ್ನು ಅಂಟಿಸುವುದು ಮುಂದಿನ ಗಾಜಿಗೆ, ಹುಡುಗ ನಿಲ್ಲುವುದು ಕಾರಿನ ಹಿಂದುಗಡೆ. ಯುರೋಪಿನವರು 2018ರಲ್ಲಿ ಪೆಟ್ರೋಲಿಗೆ ವೃತ್ತ, ಡೀಸೆಲ್ಲಿಗೆ ಚೌಕ ಎಂದು ನಿಯಮ ಮಾಡಿ, ಹೊಸ ಕಾರಿನ ಟ್ಯಾಂಕಿನ ಬಾಯಿಗೂ ನಳಿಗೆಗೂ ಒಂದೇ ಗುರುತು ಹಾಕಿಸಿದರು. ಅದು ಕೆಲಸಕ್ಕೆ ಬರುವ ಬುದ್ಧಿ.

ನಮ್ಮಲ್ಲಿ ಅದು ಬರುವ ತನಕ, ಝೀರೋ ನೋಡುವ ಮೊದಲು ಕಾರಿನಿಂದ ಇಳಿದು 'ಡೀಸೆಲ್' ಎಂದು ಗಟ್ಟಿಯಾಗಿ ಹೇಳಿ, ಪೈಪನ್ನೂ ನೋಡಿ. ಆದರೂ ತಪ್ಪು ಬಿತ್ತೋ, ಕೀ ಮುಟ್ಟಬೇಡಿ. ಎಷ್ಟೋ ಕಾರುಗಳಲ್ಲಿ ಕೀ ಅರ್ಧ ತಿರುಗಿಸಿದರೂ ಟ್ಯಾಂಕಿನ ಪಂಪು ಕೆಲಸ ಶುರುಮಾಡುತ್ತದೆ. ನ್ಯೂಟ್ರಲ್ಲಿಗೆ ಹಾಕಿ, ಪಕ್ಕಕ್ಕೆ ತಳ್ಳಿಸಿ, ಮೆಕ್ಯಾನಿಕ್ಕನ್ನು ಕರೆಸಿ. ಟ್ಯಾಂಕ್ ಖಾಲಿ ಮಾಡಿಸಿ ತೊಳೆಸುವ ಖರ್ಚು ಸಾವಿರಗಳಲ್ಲಿ ಮುಗಿಯುತ್ತದೆ. ಸ್ಟಾರ್ಟ್ ಮಾಡಿ ಓಡಿಸಿದರೆ ಪಂಪು, ಇಂಜೆಕ್ಟರಿನ ಬಿಲ್ಲು ಲಕ್ಷ ಮುಟ್ಟಬಹುದು.