ಹೊರಟು ನಿಂತ ಮೇಷ್ಟ್ರು

ತಿಪಟೂರಿನಲ್ಲಿ ಬೆಳಿಗ್ಗೆ ಎದ್ದವರು ಮೊದಲು ಕೇಳುವುದು ಕೊಬ್ಬರಿ ರೇಟು. ನಮ್ಮ ಕಾಲೇಜಿನ ಫಿಸಿಕ್ಸ್ ಮೇಷ್ಟ್ರೊಬ್ಬರು ಮಾತ್ರ ದಿರ್ಹಮ್ ರೇಟು ಕೇಳುತ್ತಾರೆ. ಕೊಬ್ಬರಿ ಏರಲಿ ಇಳಿಯಲಿ ಅವರಿಗೆ ಚಿಂತೆಯಿಲ್ಲ, ಅವರ ಹಿತ್ತಲಲ್ಲಿ ಒಂದು ತೆಂಗಿನ ಮರವೂ ಇಲ್ಲ. ಜೇಬಿನಲ್ಲಿ ಒಂದು ದಿರ್ಹಮ್ಮೂ ಇಲ್ಲ, ಆ ಮಾತು ಬೇರೆ.

ಇಂಥವರೊಬ್ಬರು ನಿಮ್ಮೂರಲ್ಲೂ ಇರುತ್ತಾರೆ, ಆದ್ದರಿಂದ ಹೆಸರು ಬೇಡ. ಹನ್ನೊಂದು ವರ್ಷದಿಂದ ಫಾರಿನ್ನಿಗೆ ಹೊರಟು ನಿಂತಿದ್ದಾರೆ. ಹೇಗೂ ಹೊರಡುವವರು ಎಂದು ಮನೆಗೆ ಸುಣ್ಣಬಣ್ಣ ಮಾಡಿಸಿಲ್ಲ. ಸ್ಕೂಟರಿನ ಟೈರು ಬೋಳಾಗಿ ಹೊಳೆಯುತ್ತಿದೆ, ಬದಲಾಯಿಸಿಲ್ಲ. ಚೀಟಿ ಹಾಕಿ ಎಂದವರಿಗೂ, ಮಗಳ ಸಂಗೀತದ ಫೀಸು ವರ್ಷಕ್ಕೆ ಒಟ್ಟಿಗೇ ಕಟ್ಟಿ ಎಂದವರಿಗೂ ಒಂದೇ ಉತ್ತರ: "ಮುಂದಿನ ತಿಂಗಳು ಇಲ್ಲಿರ್ತೀನೋ ಇಲ್ವೋ ಸಾರ್." ಊರಿಗೆ ಹೊಸಬರಾದ ಬ್ಯಾಂಕ್ ಮ್ಯಾನೇಜರೊಬ್ಬರು ಇದನ್ನು ಕೇಳಿ ಗಾಬರಿಯಾಗಿ, ದನಿ ತಗ್ಗಿಸಿ, "ಡಾಕ್ಟ್ರು ಏನಂತಾರೆ?" ಎಂದಿದ್ದರು.

ಪಾಠದಲ್ಲಿ ಮೇಷ್ಟ್ರು ಬಲು ಕಟ್ಟುನಿಟ್ಟು. ಅಂಕಿ ಸರಿಯಿದ್ದು ಪಕ್ಕದಲ್ಲಿ ಯೂನಿಟ್ಟು ಬರೆಯದಿದ್ದರೆ ಅರ್ಧ ಮಾರ್ಕು ಕಟ್. "9.8 ಅಂತ ಬರ್ದಿದೀಯಲ್ಲಪ್ಪಾ, 9.8 ಏನು? ಮೊಳವಾ, ಸೇರಾ, ಕೊಬ್ಬರಿ ಮೂಟೆಯಾ?" ಎಂದು ಅವರು ಕೇಳದ ಹುಡುಗ ಈ ತಾಲ್ಲೂಕಿನಲ್ಲಿಲ್ಲ. ಇಂಥ ಮನುಷ್ಯ, 2014ರಲ್ಲಿ ಬೆಂಗಳೂರಿನ ಏಜೆಂಟನೊಬ್ಬ ಫೋನಿನಲ್ಲಿ "ವೀಸಾ ಬಂತು ಸಾರ್" ಎಂದಾಗ "ಯಾವ ವೀಸಾ?" ಎಂದು ಕೇಳಲಿಲ್ಲ. ಯೂನಿಟ್ಟಿಲ್ಲದ ಉತ್ತರಕ್ಕೆ ಪೂರ್ತಿ ಮಾರ್ಕು ಕೊಟ್ಟರು. ಮಾರ್ಕು ಎಂದರೆ ಒಂದು ಲಕ್ಷದ ಎಪ್ಪತ್ತೈದು ಸಾವಿರ, ರಸೀದಿಯಿಲ್ಲದೆ.

ಆಗ ನಾವೂ ಸಂಭ್ರಮಪಟ್ಟೆವು. ಸ್ಟಾಫ್ ರೂಮಿನಲ್ಲಿ ತಲೆಗೆ ಇನ್ನೂರು ರೂಪಾಯಿ ಎತ್ತಿ ಶಾಲು, ಮೈಸೂರು ಪೇಟ, ಗಂಧದ ಹಾರ, ಹಣ್ಣಿನ ಬುಟ್ಟಿ ತಂದೆವು. ಅಭಿನಂದನಾ ಪತ್ರ ಬರೆದವನು ನಾನೇ. ಕನ್ನಡ ಮೇಷ್ಟ್ರಾಗಿ ಹುಟ್ಟಿದ್ದಕ್ಕೆ ಇದೊಂದು ಕರ್ಮ, ಊರಿನಲ್ಲಿ ಯಾರು ಎಲ್ಲಿಗೆ ಹೊರಟರೂ ನಾನೇ ಬರೆಯಬೇಕು. "ಕೊಲ್ಲಿಯ ಮರಳಿನಲ್ಲಿ ಕನ್ನಡದ ಕಂಪು" ಎಂದು ಬರೆದಿದ್ದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ್ದೆವು ಎಂದು ಗೊತ್ತಾಗಲು ಎರಡು ತಿಂಗಳು ಬೇಕಾಯಿತು.

ಹೊರಡುವ ಮುಂಚೆಯೇ ಸರ್ಟಿಫಿಕೇಟಿನ ಪುರಾಣ ಒಂದಿತ್ತು. ಏಜೆಂಟನ ಮಾತು ಕೇಳಿ ಮೇಷ್ಟ್ರು ಮಾನಸಗಂಗೋತ್ರಿಯ ಎಂ.ಎಸ್ಸಿ. ಪದವಿಪತ್ರಕ್ಕೆ ಅಪೊಸ್ಟೀಲ್ ಮಾಡಿಸಿದರು. ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳು ಒಬ್ಬರ ಕಾಗದವನ್ನು ಇನ್ನೊಬ್ಬರು ಒಪ್ಪಿಕೊಳ್ಳುವ ಮುದ್ರೆ ಅದು. ಭಾರತ 2005ರಿಂದ ಅದರಲ್ಲಿದೆ, ಒಮಾನ್ ಇದೆ. ಇವರು ಹೊರಟಿದ್ದ ಶಾರ್ಜಾ ಇರುವ ಯು.ಎ.ಇ. ಇರಲಿಲ್ಲ. ಅಲ್ಲಿಗೆ ಹಳೆಯ ಪದ್ಧತಿಯೇ ಬೇಕು: ರಾಜ್ಯ ಸರ್ಕಾರದ್ದೊಂದು ಮುದ್ರೆ, ದೆಹಲಿಯ ವಿದೇಶಾಂಗ ಸಚಿವಾಲಯದ್ದೊಂದು, ಆ ದೇಶದ ರಾಯಭಾರ ಕಚೇರಿಯದ್ದೊಂದು, ಅಲ್ಲಿಗೆ ಇಳಿದ ಮೇಲೆ ಅವರ ವಿದೇಶಾಂಗ ಇಲಾಖೆಯದ್ದು ಇನ್ನೊಂದು. ಸರಿ, ಮತ್ತೆ ಮೊದಲಿಂದ. ಈಗ ಆ ಪದವಿಪತ್ರದ ಹಿಂಬದಿ ನೋಡಿದರೆ ಜಾತ್ರೆಯಲ್ಲಿ ಹಚ್ಚೆ ಹುಯ್ಯಿಸಿಕೊಂಡ ಅಜ್ಜಿಯ ಮುಂಗೈ ನೆನಪಾಗುತ್ತದೆ.

ಶಾರ್ಜಾದಲ್ಲಿ ಇಳಿದ ಮೇಲೆ ತಿಳಿಯಿತು, ಕೈಯಲ್ಲಿರುವುದು ವಿಸಿಟ್ ವೀಸಾ. ನೆಂಟರ ಮನೆಗೆ ಬಂದವರಿಗೆ, ಊರು ನೋಡಲು ಬಂದವರಿಗೆ ಕೊಡುವುದು. "ಇಲ್ಲೇ ಎಂಪ್ಲಾಯ್‌ಮೆಂಟ್ ವೀಸಾಕ್ಕೆ ಚೇಂಜ್ ಮಾಡಿಸ್ತೀವಿ" ಎಂದರು ಕೆಲಸಕ್ಕೆ ಕರೆಸಿಕೊಂಡ ಶಾಲೆಯವರು. ಚೇಂಜ್ ಮಾಡಲು ಬರುವುದಿಲ್ಲವೇ ಎಂದರೆ, ಬರುತ್ತದೆ. ಆದರೆ ಆಗುವ ತನಕ ಒಂದು ಚಾಕ್‌ಪೀಸು ಮುಟ್ಟುವಂತಿಲ್ಲ. ಮೇಷ್ಟ್ರು ದಿನಕ್ಕೆ ಆರು ಪೀರಿಯಡ್ಡು ಮುಟ್ಟಿದರು. ವೀಸಾ ಕೆಲಸ ನೋಡುವ ಪಿ.ಆರ್.ಓ.ನನ್ನು ಕೇಳಿದಾಗಲೆಲ್ಲ "ಬುಕ್ರಾ" ಎನ್ನುತ್ತಿದ್ದನಂತೆ. ಬುಕ್ರಾ ಎಂದರೆ ನಾಳೆ. ಅವರು ಕಲಿತ ಮೊದಲ ಅರಬ್ಬಿ ಪದ ಅದು, ಕೊನೆಯದೂ ಅದೇ. ಕೆಲಸದ ವೀಸಾ ಇಲ್ಲದೆ ಎಮಿರೇಟ್ಸ್ ಐ.ಡಿ. ಇಲ್ಲ, ಅದಿಲ್ಲದೆ ಸಂಬಳದ ಬ್ಯಾಂಕ್ ಖಾತೆ ಇಲ್ಲ, ಆದ್ದರಿಂದ ಸಂಬಳವೂ ಬುಕ್ರಾ. ಒಂದು ದಿನ ಇನ್‌ಸ್ಪೆಕ್ಷನ್ನಿಗೆ ಜನ ಬಂದಾಗ ಇವರನ್ನು ಲ್ಯಾಬಿನ ಸ್ಟೋರ್ ರೂಮಿಗೆ ತಳ್ಳಿ ಚಿಲಕ ಹಾಕಿದರು. ಒಂದೂವರೆ ಗಂಟೆ ಲೋಲಕಗಳ ನಡುವೆ ತಾವೂ ಒಂದು ಲೋಲಕವಾಗಿ ನಿಂತಿದ್ದರಂತೆ. ವೀಸಾದ ಕೊನೆಯ ದಿನ ಸಮೀಪಿಸಿತು. ಗಡುವು ಮೀರಿ ನಿಂತರೆ ದಿನಕ್ಕಿಷ್ಟು ಎಂದು ದಂಡ ಬೆಳೆಯುತ್ತದೆ. ಮೇಷ್ಟ್ರು ಟಿಕೆಟ್ಟಿಗೆ ಭಾವಮೈದುನನಿಂದ ದುಡ್ಡು ತರಿಸಿಕೊಂಡು ತಿಪಟೂರಿಗೆ ಬಂದರು. ಫಿಸಿಕ್ಸಿಗೆ ಜನ ಸಿಗದೆ ಒದ್ದಾಡುತ್ತಿದ್ದ ಪ್ರಿನ್ಸಿಪಾಲರು ಏನೂ ಕೇಳದೆ ಟೈಮ್ ಟೇಬಲ್ ಕೈಗೆ ಕೊಟ್ಟರು. ಹೋದ ಪುಟ್ಟ ಬಂದ ಪುಟ್ಟ.

ಎರಡನೆಯ ಸಲ, 2019ರಲ್ಲಿ, ಮಾಲ್ಡೀವ್ಸ್. ಅಲ್ಲಿನ ಶಾಲೆಗಳಲ್ಲಿ ನಮ್ಮ ದೇಶದ ಮೇಷ್ಟ್ರುಗಳು ಬಹಳ ಹಿಂದಿನಿಂದ ಇದ್ದಾರೆ, ಆದ್ದರಿಂದ ಸುದ್ದಿ ಸುಳ್ಳಲ್ಲ. ಈ ಸಲ ಮೇಷ್ಟ್ರು ಹುಷಾರಾಗಿದ್ದರು, "ಯಾವ ವೀಸಾ?" ಎಂದು ಕೇಳಿಯೇ ಕೇಳಿದರು. ಏಜೆಂಟ ನಕ್ಕುಬಿಟ್ಟ. "ಇಂಡಿಯನ್ಸ್‌ಗೆ ಅಲ್ಲಿ ವೀಸಾನೇ ಬೇಡ ಸಾರ್!" ಅದೂ ನಿಜವೇ, ಭಾರತೀಯರು 90 ದಿನ ಪುಕ್ಕಟೆ ಇರಬಹುದು. ಆದರೆ ಸಮುದ್ರದಲ್ಲಿ ಮುಳುಗಿ ಏಳಲು, ಲೆಕ್ಕ ಬಿಡಿಸಲು ಅಲ್ಲ. ಕೆಲಸಕ್ಕಾದರೆ ಉದ್ಯೋಗದಾತರು ಮೊದಲೇ ಪರ್ಮಿಟ್ಟು ತೆಗೆಸಿರಬೇಕು.

ಮಾಲೆಯ ವಿಮಾನ ನಿಲ್ದಾಣದ ಆ ಬೆಳಗನ್ನು ಮೇಷ್ಟ್ರು ಹೇಳಿದ್ದು ಒಂದೇ ಸಲ, ನಾನು ನೆನಸಿಕೊಳ್ಳುವುದು ವಾರಕ್ಕೊಮ್ಮೆ. ಕೌಂಟರಿನ ಅಧಿಕಾರಿಗೆ ಟೂರಿಸ್ಟು ಎಂದು ಹೇಳಬೇಕೆಂದು ಏಜೆಂಟ ಪಾಠ ಒಪ್ಪಿಸಿಕೊಂಡಿದ್ದ. ಅಧಿಕಾರಿ ಹೋಟೆಲ್ ಬುಕಿಂಗ್ ಕೇಳಿದ, ಇರಲಿಲ್ಲ. ವಾಪಸ್ ಟಿಕೆಟ್ ಕೇಳಿದ, ಇರಲಿಲ್ಲ. ಸೂಟ್‌ಕೇಸ್ ತೆಗೆಸಿದ. ಹಿಂದೂ ಮಹಾಸಾಗರದ ಬಿಳಿ ಮರಳಿನ ದಂಡೆಗೆ ವಿಹಾರಕ್ಕೆಂದು ಬಂದ ಪ್ರವಾಸಿಯ ಪೆಟ್ಟಿಗೆಯಲ್ಲಿ ಲಾಗ್ ಟೇಬಲ್ಲಿನ ಪುಸ್ತಕ, ಎರಡು ಕೆ.ಜಿ. ಚಟ್ನಿಪುಡಿ, ಒಂದು ಸ್ಕ್ರೂ ಗೇಜು ಮತ್ತು ನಾಲ್ಕು ಡಬ್ಬ ಚಾಕ್‌ಪೀಸು. "ಏನಕ್ಕೆ ಬಂದ್ರಿ?" ಎಂದು ಆತ ಇನ್ನೊಮ್ಮೆ ಕೇಳಿದ್ದಾನೆ. ಇಪ್ಪತ್ತು ವರ್ಷ ಹುಡುಗರಿಗೆ ನಿಜ ಹೇಳಿ ಎಂದು ಬಡಿದ ಬಾಯಿ, ತಾನಾಗಿಯೇ "ಟು ಟೀಚ್" ಎಂದುಬಿಟ್ಟಿತು. ಸಂಜೆಯ ವಿಮಾನಕ್ಕೆ ಹತ್ತಿಸಿ ಕಳಿಸಿದರು.

ಆ ಸಲದ ಸೆಂಡಾಫಿನಲ್ಲಿ ಪೇಟ ಇರಲಿಲ್ಲ, ಶಾಲು ಮಾತ್ರ. ಅಭಿನಂದನಾ ಪತ್ರದಲ್ಲಿ "ಕೊಲ್ಲಿಯ ಮರಳು" ಹೊಡೆದು "ಸಾಗರದ ಅಲೆ" ಎಂದು ತಿದ್ದಿದ್ದೆ. ಅವರು ಮೂರನೆಯ ದಿನವೇ ಕಾಲೇಜಿಗೆ ಬಂದರು, ಶಾಲಿನ ಮಡಿಕೆ ಇನ್ನೂ ಬಿಚ್ಚಿರಲಿಲ್ಲ.

ಇಲ್ಲಿಂದ ಮುಂದೆ ಮೇಷ್ಟ್ರ ಇನ್ನೊಂದು ಅವತಾರ. ಎರಡು ಸಲ ಫೇಲಾದ ಹುಡುಗನಿಗೆ ಸಿಲಬಸ್ಸು ಬಾಯಿಪಾಠವಾಗಿರುತ್ತದಲ್ಲ, ಹಾಗೆ ಇವರಿಗೆ ಪ್ರಪಂಚದ ವೀಸಾಗಳೆಲ್ಲ ಬಂದವು. ಬಸ್ ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಸಂಜೆ ಐದೂವರೆಗೆ ದರ್ಬಾರು. ಆಫರ್ ಲೆಟರ್ ಹಿಡಿದ ಬಿ.ಎಡ್. ಹುಡುಗ ಹುಡುಗಿಯರು ಗುಬ್ಬಿಯಿಂದ, ಅರಸೀಕೆರೆಯಿಂದ ಬರುತ್ತಾರೆ. ಚೀನಾ ಎಂದು ಬಾಯಿ ಬಿಟ್ಟವನಿಗೆ, "ಅಕ್ಷರ ಯಾವುದು?" ಎಂಬ ಪ್ರಶ್ನೆ. "ಝಡ್ ಇದ್ರೆ ಕೆಲಸದ್ದು. ಎಂ ಅಂದ್ರೆ ವ್ಯಾಪಾರದ್ದು, ಎಲ್ ಅಂದ್ರೆ ಟೂರಿಸ್ಟು. ಎಂ ಕೊಟ್ಟು ಪಾಠ ಮಾಡು ಅಂದ್ರೆ, ನಿನ್ನ ಡೀಪೋರ್ಟ್ ಮಾಡಿಸೋಕೆ ಕರೀತಿದಾರೆ ಅಂತ ತಿಳ್ಕೊ." ಥಾಯ್ಲೆಂಡ್ ಎಂದವನಿಗೆ, "ಪುಕ್ಕಟೆ ಎಂಟ್ರಿ ಅಂತ ಹತ್ತಿಬಿಡ್ಬೇಡ, ನಾನು ಮಾಲೆ ನೋಡ್ಕೊಂಡ್ ಬಂದಿದೀನಿ. ನಾನ್ ಇಮಿಗ್ರಂಟ್ ಬಿ ಬೇಕು, ಮೇಲೆ ವರ್ಕ್ ಪರ್ಮಿಟ್ಟು ಬೇಕು. ಪರ್ಮಿಟ್ಟಲ್ಲಿ ಇರೋ ಸ್ಕೂಲಿನ ಹೆಸರೇ ನಿನ್ನ ಸ್ಕೂಲು." ಗಲ್ಫಿಗೆ ಹೊರಟವರಿಗೆ ತಮ್ಮ ಸ್ಟೋರ್ ರೂಮಿನ ಕತೆ ಹೇಳಿ, 2024ರಲ್ಲಿ ಯು.ಎ.ಇ. ಪರ್ಮಿಟ್ಟಿಲ್ಲದೆ ಕೆಲಸಕ್ಕಿಟ್ಟುಕೊಂಡ ಮಾಲೀಕರ ದಂಡವನ್ನು ಕನಿಷ್ಠ 1 ಲಕ್ಷ, ಗರಿಷ್ಠ 10 ಲಕ್ಷ ದಿರ್ಹಮಿಗೆ ಏರಿಸಿದ ಸುದ್ದಿಯನ್ನು ಸ್ವಂತ ಮಗಳ ರ‍್ಯಾಂಕಿನಷ್ಟು ಸಂತೋಷದಿಂದ ಹೇಳುತ್ತಾರೆ.

ಏಜೆಂಟರ ವಿಷಯ ಬಂದರೆ ಮಾತ್ರ ಅವರ ಕಿವಿ ಕೆಂಪಾಗುತ್ತದೆ. 1983ರ ವಲಸೆ ಕಾಯ್ದೆಯಂತೆ ಹೊರದೇಶಕ್ಕೆ ಜನ ಕಳಿಸುವ ಏಜೆಂಟನಿಗೆ ಸರ್ಕಾರದ ನೋಂದಣಿ ಇರಬೇಕು, ಸೇವಾಶುಲ್ಕ 30,000 ರೂಪಾಯಿ ಮತ್ತು ಜಿ.ಎಸ್.ಟಿ. ಮೀರುವಂತಿಲ್ಲ, ನೋಂದಾಯಿತರ ಪಟ್ಟಿ ಇ-ಮೈಗ್ರೇಟ್ ತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಇದನ್ನು ಹೇಳುವಾಗ ಅವರ ಬಲಗೈ ಜೇಬನ್ನು ಸವರುತ್ತದೆ.

ಒಬ್ಬಳು ಹಳೆಯ ಶಿಷ್ಯೆ, ಲೆಕ್ಕದ ಟೀಚರು, ಇಂಗ್ಲೆಂಡಿನ ಶಾಲೆಯದೆಂದು ಒಂದು ಪತ್ರ ತಂದಳು. ಸ್ಪಾನ್ಸರ್‌ಷಿಪ್ ಸರ್ಟಿಫಿಕೇಟಿಗೆ ಎರಡು ಲಕ್ಷ ಕಟ್ಟಬೇಕಂತೆ. ಮೇಷ್ಟ್ರು ಜೇಬಿನಿಂದ ಕೆಂಪು ಪೆನ್ನು ತೆಗೆದರು. ಮೂರು ಕಡೆ ವ್ಯಾಕರಣ ತಿದ್ದಿದರು. ಕೊನೆಯ ಸಾಲಿಗೆ ಬಂದು ಪೆನ್ನು ನಿಂತಿತು. "ನೋಡಮ್ಮ, 'ಕೈಂಡ್ಲಿ ಡೂ ದಿ ನೀಡ್‌ಫುಲ್.' ಲಂಡನ್ನಿನ ಹೆಡ್‌ಮಾಸ್ಟರ್ ಹೀಗೆ ಬರೀತಾನಾ? ಇದು ಮೆಜೆಸ್ಟಿಕ್ ಅಕ್ಕಪಕ್ಕ ಎಲ್ಲೋ ಟೈಪಾಗಿದೆ." ಬ್ರಿಟಿಷ್ ಸರ್ಕಾರ ಲೈಸೆನ್ಸು ಪಡೆದ ಸ್ಪಾನ್ಸರುಗಳ ಪಟ್ಟಿ ಪ್ರಕಟಿಸುತ್ತದೆ. ಮೊಬೈಲಿನಲ್ಲಿ ಹುಡುಕಿದರು, ಆ ಶಾಲೆ ಇರಲಿಲ್ಲ. "ಆ ಸರ್ಟಿಫಿಕೇಟು ಕೆಲಸ ಕೊಡೋರು ಕೊಡೋದು, ಸಂತೆಯಲ್ಲಿ ಕೊಳ್ಳೋದಲ್ಲ" ಎಂದು ಪತ್ರಕ್ಕೆ ಸೊನ್ನೆ ಹಾಕಿ ಸಹಿ ಮಾಡಿ ವಾಪಸ್ ಕೊಟ್ಟರು.

ಅದೇ ಹುಡುಗಿ ಮುಂದಿನ ವರ್ಷ ಸರಿಯಾದ ದಾರಿಯಲ್ಲಿ ಹೋದಳು. 2023ರ ಫೆಬ್ರವರಿಯಿಂದ ನಮ್ಮ ದೇಶದ ಗಣಿತ, ವಿಜ್ಞಾನದ ಶಿಕ್ಷಕರೂ ಇಂಗ್ಲೆಂಡಿನ ಶಿಕ್ಷಕ ಅರ್ಹತೆಗೆ ಇಲ್ಲಿಂದಲೇ ಅರ್ಜಿ ಹಾಕಬಹುದು. ಆರೋಗ್ಯ ಸರ್‌ಚಾರ್ಜ್ ವರ್ಷಕ್ಕೆ 1,035 ಪೌಂಡಿನ ಲೆಕ್ಕದಲ್ಲಿ ಮೂರು ವರ್ಷದ್ದು 3,105 ಪೌಂಡು ಮೊದಲೇ ಕಟ್ಟಬೇಕಾಗುತ್ತದೆ ಎಂದು ಎಚ್ಚರಿಸಿದವರೂ ಮೇಷ್ಟ್ರೇ. ಅವಳನ್ನು ಕಳಿಸಿ ಬಂದ ರಾತ್ರಿ ಅವರು ಸ್ಕೂಟರಿಗೆ ಹೊಸ ಟೈರು ಹಾಕಿಸುವ ಮಾತಾಡಿದರು ಎಂದು ಅವರ ಮನೆಯವರು ನನ್ನ ಹೆಂಡತಿಗೆ ಹೇಳಿದರಂತೆ. ಬೆಳಿಗ್ಗೆ ಮರೆತರು.

ಈಗ ಮತ್ತೆ ಹೊರಟಿದ್ದಾರೆ. ಒಮಾನ್. ಏಜೆಂಟ ನೋಂದಾಯಿತ, ಕೊಡುವುದಾಗಿ ಬರೆದುಕೊಟ್ಟಿರುವುದು ಎಂಪ್ಲಾಯ್‌ಮೆಂಟ್ ವೀಸಾ, ಅಂದು ದಂಡವಾಯಿತೆಂದು ಮರುಗಿದ್ದ ಅಪೊಸ್ಟೀಲಿಗೂ ಕೊನೆಗೆ ಬೆಲೆ ಬಂದಿದೆ. ಮೊನ್ನೆ ಹೋಟೆಲಿನಲ್ಲಿ ಎಲ್ಲ ಕಾಗದ ನನ್ನ ಮುಂದೆ ಹರಡಿ, "ಹುಡುಕಿ ಸಾರ್, ಒಂದು ತಪ್ಪು ಹುಡುಕಿ" ಎಂದು ಸವಾಲು ಹಾಕಿದರು. ನಾನು ಕನ್ನಡ ಮೇಷ್ಟ್ರು, ನನಗೇನು ತಿಳಿಯಬೇಕು. ಸುಮ್ಮನೆ ಪಾಸ್‌ಪೋರ್ಟ್ ತಿರುವಿದೆ.

"ಇದರ ಅವಧಿ ಇನ್ನೆಷ್ಟು ಉಳಿದಿದೆ ಮೇಷ್ಟ್ರೇ?"

"ನಾಲ್ಕು."

"ನಾಲ್ಕು ಏನು? ವರ್ಷವಾ, ತಿಂಗಳಾ, ಕೊಬ್ಬರಿ ಮೂಟೆಯಾ?"

ಅವರು ಪಾಸ್‌ಪೋರ್ಟ್ ಕಿತ್ತುಕೊಂಡು ನೋಡಿದರು. ತಿಂಗಳು. ಕನಿಷ್ಠ ಆರು ಇರಬೇಕೆಂದು ಆ ಹೋಟೆಲಿನಲ್ಲಿ ಕಡಿಮೆಯೆಂದರೂ ನೂರು ಜನಕ್ಕೆ ಹೇಳಿದವರು ಅವರೇ. ಪಾಸ್‌ಪೋರ್ಟ್ ನವೀಕರಣಕ್ಕೆ ನಾಳೆಯೇ ಅರ್ಜಿ ಹಾಕುತ್ತಾರಂತೆ. ಬುಕ್ರಾ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಹೊರದೇಶದ ಶಾಲೆಯಿಂದ ಕೆಲಸದ ಪತ್ರ ಬಂದಿದ್ದರೆ ದುಡ್ಡು ಕಟ್ಟುವ ಮುಂಚೆ ಒಂದು ಸಂಜೆ ತಿಪಟೂರಿಗೆ ಬನ್ನಿ. ಮೇಷ್ಟ್ರ ಫೀಸು ಒಂದು ಬೈಟೂ ಕಾಫಿ, ಅರ್ಧ ನಿಮ್ಮದೇ. ಸ್ವಲ್ಪ ಬೇಗ ಬನ್ನಿ, ಮುಂದಿನ ತಿಂಗಳು ಅವರು ಇಲ್ಲಿರ್ತಾರೋ ಇಲ್ವೋ.